ಮುಖ ತಿರುವಿದ ಕೂಸು

ಬಾಣಂತಿ ಇರುವ ಮನೆಗೆ ಹೋದರೆ ನಾನು ಮೊದಲು ಮಾತಾಡುವುದಿಲ್ಲ. ಗುಲಾಬಿ ಸೀರೆ ಕಂಡ ಕೂಡಲೇ ಹಿರಿಯ ಹೆಂಗಸರು, ಬಂದಳಪ್ಪ ಆಶಾ, ಇನ್ನು ಭಾಷಣ ಶುರು ಎಂಬಂಥ ಮುಖ ಮಾಡುತ್ತಾರೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಕೂಸಿನ ಪಕ್ಕ ಕೂತುಬಿಡುತ್ತೇನೆ. ಕೂಸಿನ ತುಟಿ ಒಣಗಿದೆಯೇ, ತಾಯಿಯ ಬೆನ್ನಿಗೆ ಏನಾದರೂ ಆಸರೆ ಇದೆಯೇ, ಮೂಲೆಯಲ್ಲಿ ಸಕ್ಕರೆ ನೀರಿನ ಲೋಟ ಬಚ್ಚಿಟ್ಟಿದ್ದಾರೆಯೇ, ಇಷ್ಟು ನೋಡುವಷ್ಟರಲ್ಲಿ ಅವರ ಮುಖ ಸ್ವಲ್ಪ ಸಡಿಲವಾಗಿರುತ್ತದೆ. ಆಮೇಲೆ ಶುರು ಮಾಡುತ್ತೇನೆ. ನನ್ನ ಭಾಷಣ ಸಣ್ಣದಲ್ಲ ಎಂಬುದೂ ನಿಜವೇ.

ನಮ್ಮೂರು ಕೊಟ್ಟೂರಿಗೂ ಕೂಡ್ಲಿಗಿಗೂ ನಡುವೆ ಇದೆ. ಇಲ್ಲಿ ಆಶಾ ಕಾರ್ಯಕರ್ತೆಯಾಗಿ ಹದಿನೈದು ವರ್ಷದ ಮೇಲಾಯಿತು. ಹೆರಿಗೆಗೆ ಆಸ್ಪತ್ರೆಯಿದೆ, ಚುಚ್ಚುಮದ್ದಿಗೆ ಸಿಸ್ಟರ್ ಬರುತ್ತಾರೆ. ಎದೆಹಾಲಿನ ತೊಂದರೆ ಬಂದರೆ ಮಾತ್ರ ಜನ ನನ್ನನ್ನು ಹುಡುಕುತ್ತಾರೆ. ಸುತ್ತಲಿನ ಊರುಗಳ ಆಶಾಗಳೂ ತಮ್ಮ ಕೈಲಿ ಆಗದಾಗ ಫೋನು ಮಾಡುತ್ತಾರೆ. "ಅಕ್ಕಾ, ಇಲ್ಲೊಬ್ಬಾಕಿ ಅತ್ತಿ ಅದಾಳ, ನನ್ನ ಮಾತು ಕಿವಿಗೇ ಹಾಕ್ಕೊಳ್ಳಂಗಿಲ್ಲ. ನೀನ ಬರ್ಬೇಕು." ಅತ್ತೆಯಂದಿರನ್ನು ಮಣಿಸುವುದರಲ್ಲಿ ನನಗೆ ಹೆಸರಿದೆ. ಕೋಪ ಬಂದರೆ ನಾನು ಯಾರ ಮುಲಾಜೂ ನೋಡುವುದಿಲ್ಲ, ಅದೊಂದು ಕಾರಣ. ಇನ್ನೊಂದು ಕಾರಣ, ನನ್ನ ಹತ್ತಿರ ಒಂದು ಕತೆ ಇತ್ತು. ನನ್ನದೇ ಕತೆ. ಅದನ್ನು ಈಗ ಎಲ್ಲೂ ಹೇಳುವುದಿಲ್ಲ. ಯಾಕೆ ಬಿಟ್ಟೆ ಎಂದು ಹೇಳಬೇಕಾದರೆ ಒಂದು ಸಲ ಇಲ್ಲಿ ಹೇಳಲೇಬೇಕು.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಹದಿನೆಂಟು ತುಂಬಿತ್ತು. ಮರುವರ್ಷ ಮಗಳು ಹುಟ್ಟಿದಳು. ನನ್ನ ಅವ್ವ ಮೊದಲೇ ತೀರಿಕೊಂಡಿದ್ದರಿಂದ ತವರಿನಲ್ಲಿ ಬಾಣಂತನ ಮಾಡುವವರಿರಲಿಲ್ಲ, ಗಂಡನ ಮನೆಯಲ್ಲೇ ಹೆತ್ತೆ. ಈ ಮನೆತನಕ್ಕೆ ಒಂದು ಪದ್ಧತಿಯಿತ್ತು. ಕೂಸಿನ ಸೋದರತ್ತೆ ಬಂದು ಬಾಣಂತಿಯ ಎದೆ ತೊಳೆದು, ಕೂಸಿನ ತುಟಿಗೆ ಬೆಣ್ಣೆ ಮುಟ್ಟಿಸಿದ ಮೇಲೆಯೇ ತಾಯಿ ಹಾಲು ಕೊಡಬೇಕು. ಅಲ್ಲಿಯವರೆಗೆ ಬರುವುದು ಕೆಟ್ಟ ಹಾಲು, ಅದನ್ನು ಹಿಂಡಿ ಗಿಡದ ಬುಡಕ್ಕೆ ಚೆಲ್ಲಬೇಕು. ನನ್ನ ನಾದಿನಿಯನ್ನು ಮೈಲಾರಕ್ಕೆ ಕೊಟ್ಟಿದ್ದರು. ಹೇಳಿ ಕಳಿಸಿ ಎರಡು ದಿನವಾದರೂ ಅವಳ ಸುಳಿವಿಲ್ಲ. ಯಾಕೆಂದರೆ ಅವರ ಎಮ್ಮೆ ಈದಿತ್ತು. ಎಳೆಗರುವಿಗೆ ಹಾಲು ಸಾಲದೆ ಹೋದರೆ ಎಂದು ಅವಳು ಎಮ್ಮೆಯನ್ನು ಬಿಟ್ಟು ಕದಲಲಿಲ್ಲ.

ಮೂರನೇ ದಿನ ಸಂಜೆ ಬಂದಳು. ಕೈಯಲ್ಲಿ ಒಂದು ತಂಬಿಗೆ ಗಿಣ್ಣದ ಹಾಲು. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿ ಮನೆಮಂದಿಯೆಲ್ಲ ತಿಂದರು. ಎಮ್ಮೆಯ ಮೊದಲ ಹಾಲನ್ನು ಬಾಯಿ ಚಪ್ಪರಿಸಿ ತಿಂದವರೇ ನನ್ನ ಮೊದಲ ಹಾಲನ್ನು ಮೂರು ದಿನ ಕರಿಬೇವಿನ ಗಿಡಕ್ಕೆ ಹೊಯ್ದಿದ್ದರು. ನನಗೂ ಒಂದು ಬಟ್ಟಲು ಕೊಟ್ಟರು. ರುಚಿಯಾಗಿತ್ತು, ತಿಂದೆ. ಆಗ ನನಗೂ ಬುದ್ಧಿ ಇರಲಿಲ್ಲ.

ಆ ಮೂರು ದಿನ ಕೂಸಿಗೆ ಸಿಕ್ಕಿದ್ದು ಹತ್ತಿಯಲ್ಲಿ ಅದ್ದಿದ ಬೆಲ್ಲದ ನೀರು. ನಾಲ್ಕನೇ ದಿನ ಶಾಸ್ತ್ರವೆಲ್ಲ ಮುಗಿಸಿ ಎದೆಗೆ ಹಾಕಿದರೆ, ಅಷ್ಟು ಹೊತ್ತಿಗೆ ನನ್ನ ಎದೆ ಕಲ್ಲಾಗಿತ್ತು. ಕೂಸಿಗೆ ಬಾಯಲ್ಲಿ ಹಿಡಿಯಲು ಆಗದೆ ಅದೂ ಚೀರಿತು, ನೋವಿಗೆ ನಾನೂ ಚೀರಿದೆ. ಜ್ವರ ಬಂತು, ಎಡಗಡೆ ಬಾವು ಎದ್ದು ಕೀವಾಯಿತು. ಕೊನೆಗೆ ದೊಡ್ಡಾಸ್ಪತ್ರೆಗೆ ಹಾಕಿ ಕೊಯ್ದು ತೆಗೆದರು. ಕೂಸನ್ನು ಅಲ್ಲಿಗೆ ತರಬೇಡಿ, ಸೋಂಕು ತಗಲುತ್ತದೆ ಎಂದು ಅತ್ತೆ ತಡೆದರು. ನಾನು ಮನೆಗೆ ಬರುವಷ್ಟರಲ್ಲಿ ಒಂದು ತಿಂಗಳಾಗಿತ್ತು.

ಆ ಒಂದು ತಿಂಗಳು ಮಗಳನ್ನು ಬದುಕಿಸಿದವಳು ನನ್ನ ನೆಗೆಣ್ಣಿ, ಎಂದರೆ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅವಳ ಮಡಿಲಲ್ಲಿ ಆಗ ಏಳು ತಿಂಗಳ ಮಗನಿದ್ದ. ಒಂದು ಎದೆ ಅವನಿಗೆ, ಒಂದು ಎದೆ ನನ್ನ ಮಗಳಿಗೆ ಎಂದು ಹಂಚಿಬಿಟ್ಟಳು. ಯಾರೂ ಅವಳಿಗೆ ಹೇಳಿರಲಿಲ್ಲ, ಕೂಸು ಅಳುವುದು ಕೇಳಿ ತಾನೇ ಎತ್ತಿಕೊಂಡಿದ್ದಳು. ಆ ಋಣ ದೊಡ್ಡದು. ಅದನ್ನು ನಾನು ಎಂದೂ ಇಲ್ಲ ಎಂದಿಲ್ಲ.

"ಇನ್ನೊಂದು ಎದೆ ಚೆನ್ನಾಗಿದೆ, ಕೂಸಿಗೆ ಹಿಡಿಸುತ್ತಾ ಹೋಗು, ಹಾಲು ಬರುತ್ತದೆ" ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಬಂದವಳೇ ಕೈಕಾಲು ತೊಳೆದು ಕೂತೆ. ಅಕ್ಕ ಮಗಳನ್ನು ತಂದು ಮಡಿಲಿಗೆ ಹಾಕಿದಳು. ಕೂಸು ಮೈ ತುಂಬಿಕೊಂಡಿತ್ತು, ಕೆನ್ನೆ ಬಂದಿದ್ದವು. ಎದೆಗೆ ಹಿಡಿದೆ. ಮೂಸಿ ನೋಡಿತು, ತುಟಿ ಬಿಗಿಯಿತು, ಮುಖ ತಿರುವಿತು. ಹತ್ತು ಹನ್ನೆರಡು ದಿನ, ದಿನಕ್ಕೆ ಮೂರು ನಾಲ್ಕು ಸಲ ಹೀಗೇ ಆಯಿತು. ಪ್ರತಿ ಸಲವೂ ಅಕ್ಕ ತಂದು ಕೊಡುವುದು, ನಾನು ಹಿಡಿಯುವುದು, ಕೂಸು ಮುಖ ತಿರುವುವುದು. "ಅದಕ್ಕ ನಿನ್ನ ವಾಸನಿ ಹಿಡಿಸವಲ್ದು, ಬಿಡು ಇನ್ನ" ಎಂದರು ಅತ್ತೆ. ಬಿಟ್ಟೆ. ಬಂದಿದ್ದ ಹನಿ ಹಾಲೂ ನಿಂತುಹೋಯಿತು.

ಮಗಳು ಎರಡು ವರ್ಷ ಅಕ್ಕನ ಹಾಲು ಕುಡಿದಳು. ಅಕ್ಕನ ಮಗ ತನ್ನ ತಾಯಿಯನ್ನು ಅವ್ವ ಎನ್ನುತ್ತಿದ್ದ, ನನ್ನನ್ನು ಚಿಗವ್ವ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಮಗಳೂ ಹಾಗೇ ಕಲಿತಳು. ಕೂಡು ಮನೆಗಳಲ್ಲಿ ಇದು ಹೊಸದಲ್ಲ, ಹೆತ್ತವಳನ್ನು ಅತ್ತಿಗೆ ಎಂದು ಕರೆಯುವ ಮಕ್ಕಳನ್ನೂ ನೋಡಿದ್ದೇನೆ. ಬಂದವರೆಲ್ಲ ನಕ್ಕು, "ಏ ಹುಡುಗಿ, ಅಕಿ ನಿಮ್ಮವ್ವ ಅಲ್ಲೇನ?" ಎಂದು ಕೆಣಕುತ್ತಿದ್ದರು. ಅವಳು ಅಕ್ಕನ ಸೆರಗಿನ ಹಿಂದೆ ಸೇರಿಕೊಳ್ಳುತ್ತಿದ್ದಳು. ನಾನೂ ನಗುತ್ತಿದ್ದೆ. ನಗದೆ ಏನು ಮಾಡಲಿ.

ಆದರೆ ಆಸೆ ಸಾಯಲಿಲ್ಲ. ಆಮೇಲೆ ನನಗೆ ಮಕ್ಕಳಾಗಲಿಲ್ಲ, ಆದ್ದರಿಂದ ಇದ್ದ ಆಸೆಯೆಲ್ಲ ಇವಳೊಬ್ಬಳ ಮೇಲೇ ನಿಂತಿತು. ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದೆ, ಸಬ್ಬಸಗಿ ಪಲ್ಯ ಅವಳಿಗೆ ಇಷ್ಟ ಎಂದು ಸಂತೆಯಲ್ಲಿ ಮೊದಲು ಅದನ್ನೇ ಹುಡುಕಿದೆ, ಶಾಲೆಯ ಬಾಗಿಲಿಗೆ ಹೋಗಿ ನಿಂತೆ. ಎಲ್ಲದಕ್ಕೂ ಒಳ್ಳೆಯ ಹುಡುಗಿಯಂತೆ ನಡೆದುಕೊಂಡಳು. ಜ್ವರ ಬಂದರೆ ಮಾತ್ರ ಅಕ್ಕನ ಹತ್ತಿರ ಹೋಗಿ ಮಲಗುತ್ತಿದ್ದಳು. ಅಣ್ಣತಮ್ಮಂದಿರು ಬೇರೆಯಾಗಿ ಮನೆಯ ನಡುವೆ ಗೋಡೆ ಬಂದು ಎರಡು ಬಾಗಿಲಾದ ಮೇಲೂ, ರೊಟ್ಟಿ ನನ್ನ ಕಡೆ ತಿಂದು ನಿದ್ದೆಗೆ ಆ ಕಡೆ ಹೋಗುತ್ತಿದ್ದಳು. ನನ್ನ ಗಂಡ, "ಗ್ವಾಡಿ ಆ ಕಡಿಗೆ ತಾನ ಹೋಗ್ಯಾಳ, ಊರು ಬಿಟ್ಟು ಹೋಗ್ಯಾಳೇನು?" ಎನ್ನುತ್ತಿದ್ದರು. ಗಂಡಸರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ.

ಅವಳಿಗೆ ಎಂಟು ವರ್ಷವಿದ್ದಾಗ ನಾನು ಆಶಾ ಆದೆ. ಹಗರಿಬೊಮ್ಮನಹಳ್ಳಿಯಲ್ಲಿ ತರಬೇತಿ. ಕಾಲುಚೀಲಕ್ಕೆ ಹತ್ತಿ ತುಂಬಿ ಮಾಡಿದ ಎದೆ, ಒಂದು ಪ್ಲಾಸ್ಟಿಕ್ ಗೊಂಬೆ, ಇವೆರಡನ್ನು ಹಿಡಿದು ಒಬ್ಬ ಸಿಸ್ಟರ್ ಪಾಠ ಮಾಡಿದರು. ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಅವರು ಬೇಜಾರು ಮಾಡಿಕೊಳ್ಳದೆ ಒಂದೊಂದೇ ಹೇಳಿದರು. ಮೊದಲ ಹಾಲು ಯಾಕೆ ಬೇಕು, ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಬೇಕು, ನಿಂತ ಹಾಲು ಕೂಸು ಚೀಪುತ್ತಿದ್ದರೆ ಮತ್ತೆ ಬರಬಹುದು. ಆಮೇಲೆ ಗೊಂಬೆಯ ಮುಖವನ್ನು ಪಕ್ಕಕ್ಕೆ ತಿರುಗಿಸಿ, "ಕೂಸು ಹೀಗೆ ತುಟಿ ಬಿಗಿದು ಮುಖ ತಿರುವಿದರೆ ಅದಕ್ಕೆ ತಾಯಿ ಬೇಡ ಎಂದಲ್ಲ, ಹೊಟ್ಟೆ ತುಂಬಿದೆ ಎಂದು. ಮೊದಲು ಯಾರಾದರೂ ಏನಾದರೂ ಕುಡಿಸಿದ್ದಾರೆಯೇ ಕೇಳಿ" ಎಂದರು.

ನಾನು ನಗುವುದನ್ನು ನಿಲ್ಲಿಸಿದೆ. ಆ ಹನ್ನೆರಡು ದಿನಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಪ್ರತಿ ಸಲ ಕೂಸನ್ನು ತಂದು ಕೊಡುತ್ತಿದ್ದವಳು ಅಕ್ಕ. ಕೂಸಿನ ಬಾಯಿ ಆಗ ತಾನೇ ಒರೆಸಿದ ಹಾಗೆ ಇರುತ್ತಿತ್ತು. ಸಂಜೆ ಬಸ್ಸಿನಲ್ಲಿ ಊರಿಗೆ ಬರುವಾಗ, ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಮನೆಗೆ ಬಂದರೆ ಅಕ್ಕ ನನ್ನ ಒಲೆಯ ಮುಂದೆ ಕೂತು ನನ್ನ ಮನೆಯವರಿಗೂ ಸೇರಿಸಿ ರೊಟ್ಟಿ ಬಡಿಯುತ್ತಿದ್ದಳು. "ಬಂದ್ಯಾ? ಬಿಸಿಲಾಗ ಸುಟ್ಟು ಹೋಗೀದಿ ನೋಡು. ಮೊದ್ಲ ಉಣ್ಣು" ಎಂದಳು. ಮಗಳು ಅವಳ ಬೆನ್ನಿಗೆ ಒರಗಿ ಕೂತು ಮಗ್ಗಿ ಬರೆಯುತ್ತಿದ್ದಳು. ಕೇಳಿದರೆ ಆ ಎಂಟು ವರ್ಷ ತಿರುಗಿ ಬರುತ್ತದೆಯೇ? ಕೈತೊಳೆದು ಉಣ್ಣಲು ಕೂತೆ.

ಯಾರ ಮುಲಾಜೂ ನೋಡದವಳು ನಾನು ಎಂದು ಹೇಳಿದೆನಲ್ಲ, ಇಲ್ಲಿ ಮಾತ್ರ ನೋಡಿದೆ. ಮನೆ ಒಡೆಯುವುದು ನನಗೆ ಬೇಕಿರಲಿಲ್ಲ.

ಆದರೆ ಕತೆ ಒಳಗೇ ಉಳಿಯಲಿಲ್ಲ. ಯಾವುದೋ ಮನೆಯಲ್ಲಿ ಅಜ್ಜಿಯೊಬ್ಬಳು ಮೊದಲ ಹಾಲು ಬೇಡವೇ ಬೇಡ ಎಂದು ಹಟ ಹಿಡಿದಾಗ ನನಗೆ ರೇಗಿಹೋಯಿತು. "ಎಮ್ಮಿ ಗಿಣ್ಣ ಬೇಕು ನಿಮಗ, ಸೊಸಿದು ಬ್ಯಾಡೇನು?" ಎಂದು ಶುರು ಮಾಡಿದವಳು ಎಲ್ಲವನ್ನೂ ಹೇಳಿಬಿಟ್ಟೆ. ಸೆರಗು ಸರಿಸಿ ಕೊಯ್ದ ಗಾಯದ ಕಲೆ ತೋರಿಸಿದೆ. ಅಜ್ಜಿ ಮೆತ್ತಗಾಗಿ ಕೂಸನ್ನು ತಾನೇ ಎತ್ತಿ ಸೊಸೆಯ ಮಡಿಲಿಗೆ ಹಾಕಿದಳು. ಅಲ್ಲಿಂದ ಅದೇ ನನ್ನ ಆಯುಧವಾಯಿತು. ಕೋಗಳಿಯ ಒಂದು ಮನೆಯಲ್ಲಿ ಹೇಳಿದೆ, ಹಡಗಲಿಯ ಸಭೆಯಲ್ಲಿ ಮೈಕು ಹಿಡಿದು ಹೇಳಿದೆ, ಹರಪನಹಳ್ಳಿಯಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಕತೆಗೆ ಒಂದು ಕೊನೆಯೂ ಹುಟ್ಟಿತು. "ನನ್ನ ಕೂಸು ನನಗ ಮುಖ ತಿರುವಿತ್ರಿ. ಅವತ್ತು ತಿರುವಿದ್ದು ಇವತ್ತಿಗೂ ತಿರುಗಿ ನೋಡಿಲ್ಲ. ಹೆತ್ತೆ, ಆದ್ರ ಅಕಿ ನನ್ನ ಮಗಳಾಗಿ ಉಳೀಲಿಲ್ಲ." ಅಷ್ಟು ಹೇಳಿದರೆ ಸಾಕು, ಎಂಥ ಗಟ್ಟಿ ಹೆಂಗಸೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಟ್ಟೆ ತುಂಬಿದ್ದ ಮಾತನ್ನು ಮಾತ್ರ ನಾನು ಎಲ್ಲೂ ಹೇಳಲಿಲ್ಲ. ಹೇಳಿದರೆ ಅಕ್ಕನ ಹೆಸರು ಬರುತ್ತದೆ.

ಮಗಳು ಓದಿ ಹರಪನಹಳ್ಳಿ ಕಡೆಯ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು. ಚಿಗಟೇರಿಗೆ ಮದುವೆ ಮಾಡಿಕೊಟ್ಟೆವು. ಹೋದ ವರ್ಷ ಏಳನೇ ತಿಂಗಳ ಕುಬುಸ ಮಾಡಿ ಹೆರಿಗೆಗೆ ಕರೆತಂದೆವು. ಅವಳು ಬಸುರಿ ಎಂದು ತಿಳಿದ ದಿನದಿಂದ ನಾನು ಒಂದೇ ಆಸೆ ಇಟ್ಟುಕೊಂಡಿದ್ದೆ. ಅವಳಿಗೆ ನಾನು ಹಾಲು ಕೊಡಲಿಲ್ಲ. ಅವಳ ಕೂಸನ್ನಾದರೂ ನನ್ನ ಕೈಯಿಂದ ಅವಳ ಎದೆಗೆ ಹಾಕಬೇಕು. ಎಷ್ಟೋ ಜನರ ಹೆಣ್ಣುಮಕ್ಕಳಿಗೆ ಮಾಡಿದ್ದನ್ನು ನನ್ನ ಮಗಳಿಗೆ ಮಾಡಬೇಕು.

ಬಂದವಳು ಬ್ಯಾಗನ್ನು ಅಕ್ಕನ ಬಾಗಿಲಲ್ಲಿ ಇಳಿಸಿದಳು. ಅದು ನಿರೀಕ್ಷಿಸಿದ್ದೇ. ಆದರೆ ನನ್ನ ಮುಖ ಕೂಡ ಸರಿಯಾಗಿ ನೋಡಲಿಲ್ಲ. ನೀರು ಕೊಡಲು ಹೋದಾಗ ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದಳು. ಚಿಗಟೇರಿಯ ಅಂಗನವಾಡಿಯಲ್ಲಿ ಬಸುರಿಯರ ಸಭೆ ಇತ್ತಂತೆ. ಅಲ್ಲಿಯ ಆಶಾ ಒಂದು ಕತೆ ಹೇಳಿದಳಂತೆ. ಕೊಟ್ಟೂರು ಕಡೆಯ ಒಬ್ಬ ಹೆಂಗಸು, ಮೈಲಾರದ ಎಮ್ಮೆ, ಕೊಯ್ದ ಎದೆ, ಮುಖ ತಿರುವಿದ ಕೂಸು.

"ಎಂಥಾ ಕೂಸವ್ವ, ಹೆತ್ತಾಕಿಗೆ ಮುಖ ತಿರುವಿತಂತ, ಅಂತ ಎಲ್ಲಾರೂ ಲೊಚಗುಟ್ಟಿದ್ರು. ನಾನೂ ಲೊಚಗುಟ್ಟಿದೆ. ಏನ್ ಮಾಡ್ಲಿ ಚಿಗವ್ವ, ಆ ಕೂಸು ನಾನ ಅಂತ ಎದ್ದು ನಿಂತು ಹೇಳ್ಲೇನು? ನಾ ನಿನ್ನ ಮಗಳಾಗಿ ಉಳೀಲಿಲ್ಲಂತ. ನನಗ ಒಂದು ಮಾತು ಹೇಳಿದ್ದೇನು ನೀನು? ಊರಿಗೆಲ್ಲ ಹೇಳೀದಿ."

ಆಗಲೇ ತಪ್ಪಾಯಿತು ಎನ್ನಬೇಕಿತ್ತು. ನನ್ನ ಹಾಳು ಸಿಟ್ಟು ಅಡ್ಡ ಬಂತು. "ಆ ಕತಿಯಿಂದ ಎಷ್ಟು ಕೂಸು ಹಾಲು ಕುಡದಾವ ಗೊತ್ತೈತೇನು ನಿನಗ?" ಎಂದುಬಿಟ್ಟೆ.

"ಕುಡೀಲಿ ಬಿಡು, ಒಳ್ಳೇದಾತು. ನನಗ ಮಾತ್ರ ಹೇಳಿಕೊಡಾಕ ನೀ ಬರಬ್ಯಾಡ" ಎಂದಳು. ಎರಡು ತಿಂಗಳು ಆ ಮಾತು ನಡುವೆ ಹಾಗೇ ಕೂತಿತ್ತು.

ಕೂಡ್ಲಿಗಿಯಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು. ಅರ್ಧ ಗಂಟೆಯೊಳಗೇ ನರ್ಸು ಕೂಸನ್ನು ಅವಳ ಎದೆಯ ಮೇಲೆ ಹಾಕಿದರು, ಅದು ತಡಕಾಡಿ ಹಿಡಿಯಿತು. ನಾನು ಮಂಚದ ಕಾಲ ಹತ್ತಿರ ನಿಂತು ನೋಡಿದೆ, ಅಷ್ಟೇ. ಮೂರನೇ ದಿನ ಮನೆಗೆ ಬಂದರು. ಐದನೇ ದಿನ ಹಾಲು ಒಮ್ಮೆಗೇ ಇಳಿಯಿತು, ಎದೆ ಬಿಗಿದುಕೊಂಡಿತು. ಬಿಗಿದ ಎದೆಯನ್ನು ಎಳೆಗೂಸು ಹಿಡಿಯಲಾರದು, ಜಾರುತ್ತದೆ. ಆರನೇ ದಿನ ಮಧ್ಯಾಹ್ನ ಅಕ್ಕನ ಕೋಣೆಯೊಳಗಿಂದ ಮಗಳು ನರಳುವುದು ಗೋಡೆಯಾಚೆ ನನಗೆ ಕೇಳಿಸಿತು. ಹೋಗಿ ಬಾಗಿಲು ಬಡಿದೆ. ಒಳಗಿನಿಂದ ಅಗಳಿ ಹಾಕಿದ್ದರು.

"ಅಕ್ಕ, ಬಾಗಲ ತಗಿ."

"ಬ್ಯಾಡ ಅಂತಾಳಲೇ ತಂಗಿ."

"ಬ್ಯಾಡ ಅಂದ್ರ ಬಿಡಾಕ ಆಗತೈತೇನು? ಇವತ್ತು ಹಾಲು ತಗೀಲಿಲ್ಲ ಅಂದ್ರ ನಾಳಿಗೆ ಜ್ವರ ಬರತೈತಿ. ನನಗ ಆದದ್ದು ಅಕಿಗೂ ಆಗಬೇಕೇನು?"

ಒಳಗಿಂದ ಮಗಳ ದನಿ ಬಂತು. "ಆಗ್ಲಿ ಬಿಡು, ಹೇಳಾಕ ಇನ್ನೊಂದು ಕತಿ ಸಿಗತೈತಿ."

ಆ ಮಾತು ಚುಚ್ಚಿತು. ಆದರೆ ಜಗಳಕ್ಕೆ ಅದು ಹೊತ್ತಲ್ಲ. "ಆತು, ನಾ ಒಳಗ ಬರಲ್ಲ. ಇಲ್ಲಿಂದನ ಹೇಳ್ತೀನಿ, ಅಕ್ಕ ನೀ ಮಾಡು" ಎಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಇಡಿಸಿದೆ. ಬೆರಳಲ್ಲಿ ಒತ್ತಿ ಸ್ವಲ್ಪ ಹಾಲು ತೆಗೆದು ತೊಟ್ಟಿನ ಸುತ್ತ ಮೆತ್ತಗೆ ಮಾಡಿಸಿದೆ. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಲಿ, ತಲೆ ಹಿಡಿದು ಒತ್ತಬೇಡ, ತೊಟ್ಟು ಮೂಗಿನ ಹತ್ತಿರ ಇರಲಿ, ಆಕಳಿಸಿದಷ್ಟು ಬಾಯಿ ತೆರೆದಾಗ ಕೂಸನ್ನು ಎದೆಯ ಕಡೆಗೆ ತಾ ಎಂದೆ. ಅಕ್ಕ ಎಡವುತ್ತಿದ್ದಳು. "ನನ್ನ ಮಕ್ಕಳು ತಾವ ಕುಡಿದ್ವು, ನನಗೇನ್ ಗೊತ್ತು ಇದೆಲ್ಲ" ಎಂದು ಗೊಣಗಿದಳು. ಎಷ್ಟು ಸಲ ಹೇಳಿದರೂ ಕೂಸು ಬಾಯಿ ತೆರೆಯಲಿಲ್ಲ. ನಾನು ಕಿವಿಗೊಟ್ಟು ಕೇಳಿದೆ. ಅದು ಕುಂಯ್ ಎನ್ನುತ್ತಿತ್ತು, ಸುಮ್ಮನಾಗುತ್ತಿತ್ತು. ಹಸಿದ ಕೂಸು ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ.

"ಅಕ್ಕ, ಕೂಸಿಗೆ ಏನರ ಕೊಟ್ಟೀಯೇನು?"

"ಏನೂ ಕೊಟ್ಟಿಲ್ಲ" ಎಂದಳು ಮಗಳು.

"ಅಕ್ಕ?"

"ಒಂದೀಟು ಡಬ್ಬಿ ಹಾಲು" ಎಂದಳು ಅಕ್ಕ. "ಈಗ, ನೀ ಬಾಗಲ ಬಡಿಯಾಕ ಮೊದ್ಲ. ಇಕಿಗೆ ಕಣ್ಣು ಹತ್ತಿತ್ತು. ಕೂಸು ಅಳೋದು ನೋಡಾಕ ಆಗಲಿಲ್ಲ ನನಗ."

"ಹೊಟ್ಟಿ ತುಂಬಿದ ಕೂಸು ಎದಿ ಯಾಕ ಹಿಡೀತೈತಿ ಅಕ್ಕ?" ನನ್ನ ದನಿ ಏರಿಬಿಟ್ಟಿತ್ತು. "ಮುಖ ತಿರುವತೈತಿ!"

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ನನಗೇ ತಿಳಿಯಿತು. ಆಮೇಲೆ ಅಕ್ಕ ಅಳುವುದು ಕೇಳಿಸಿತು. ಅವಳು ಅತ್ತಿದ್ದನ್ನು ನಾನು ಕೇಳಿದ್ದೇ ಕಡಿಮೆ.

"ಅವತ್ತೂ ಹಿಂಗ ಮಾಡಿದ್ದೆ ತಂಗಿ. ನಿನ್ನ ಹತ್ರ ತರಾಕ ಮೊದ್ಲ ಕುಡಿಸಿ, ಬಾಯಿ ಒರಸಿ ತರ್ತಿದ್ದೆ. ಒಂದು ತಿಂಗಳು ನನ್ನ ಎದಿ ಮ್ಯಾಲ ಮಲಗಿತ್ತು. ತಿರುಗಿ ಕೊಡಾಕ ಮನಸಾಗಲಿಲ್ಲ."

"ಗೊತ್ತೈತಿ ಅಕ್ಕ."

"ಗೊತ್ತಿತ್ತಾ? ಯಾವಾಗಿಂದ?"

"ತರಬೇತಿಗೆ ಹೋದಾಗಿಂದ."

ಅಗಳಿ ಸರಿಯಿತು. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಿವಿಗೆ ಬಟ್ಟೆ ಕಟ್ಟಿದ್ದರು, ನೈಟಿಯ ಮುಂಭಾಗ ಒದ್ದೆಯಾಗಿತ್ತು.

"ಹಂಗಾದ್ರ ನಾ ಮುಖ ತಿರುವಿರ್ಲಿಲ್ಲ."

"ಇಲ್ಲ. ನಿನ್ನ ಹೊಟ್ಟಿ ತುಂಬಿತ್ತು."

"ಗೊತ್ತಿದ್ದೂ ನನ್ನ ಮ್ಯಾಲ ಹಾಕಿ ಹೇಳಿದಿ, ಊರೂರಿಗೆ."

ಅಕ್ಕನ ಮೇಲೆ ಹಾಕಿದರೆ ಮನೆ ಒಡೆಯುತ್ತಿತ್ತು. ಅತ್ತೆ ತೀರಿಹೋಗಿದ್ದರು, ಸತ್ತವರ ಮೇಲೆ ಹೇಗೆ ಹಾಕಲಿ. ಉಳಿದದ್ದು ಬಾಯಿಲ್ಲದ ಒಂದು ಕೂಸು, ಅದರ ಮೇಲೆ ಹಾಕಿದ್ದೆ. ಆ ಕೂಸು ಬೆಳೆದು ಒಂದು ದಿನ ಸಭೆಯಲ್ಲಿ ಕೂತು ಕೇಳಬಹುದು ಎಂದು ಯೋಚಿಸಿರಲೇ ಇಲ್ಲ. "ತಪ್ಪಾತು" ಎಂದೆ. ಆ ಮಾತು ನನ್ನ ಬಾಯಿಂದ ಬರುವುದು ಅಪರೂಪ, ಅವಳಿಗೂ ಗೊತ್ತು.

ಅವಳು ಕ್ಷಮಿಸಿದೆ ಎನ್ನಲಿಲ್ಲ. ಹೋಗಿ ಮಂಚದ ಮೇಲೆ ಕೂತು, "ನೋವು ತಡಿಯಾಕ ಆಗವಲ್ದು. ಏನ್ ಮಾಡ್ತೀಯೋ ಮಾಡು" ಎಂದು ಗುಂಡಿ ಬಿಚ್ಚಿದಳು.

ಕೈ ತೊಳೆದು ಬಂದೆ. ಲೆಕ್ಕವಿಲ್ಲದಷ್ಟು ಸಲ ಮಾಡಿದ ಕೆಲಸವೇ. ಕೂಸಿಗೆ ಹಸಿವಾಗುವವರೆಗೆ ಎರಡು ಗಂಟೆ ಕಾಯಬೇಕಾಯಿತು. ಅಷ್ಟು ಹೊತ್ತು ಬಿಸಿ ಬಟ್ಟೆ ಇಟ್ಟು, ಮೆಲ್ಲಗೆ ಒತ್ತಿ ಹಾಲು ತೆಗೆದು ಬಟ್ಟಲಿಗೆ ಇಳಿಸಿದೆ. ಮಗಳು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು. ಎಳೆಗೂಸಾಗಿದ್ದ ದಿನಗಳ ಮೇಲೆ ಅವಳ ಮೈ ಹೀಗೆ ನನ್ನ ಕೈಗೆ ಸಿಕ್ಕಿರಲಿಲ್ಲ. ಬಿಗಿತ ಕಡಿಮೆಯಾದ ಹಾಗೆ ಅವಳ ಭುಜ ಇಳಿಯಿತು. ಅಕ್ಕ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಿದ್ದಳು. "ಅಕ್ಕ, ಬಾ ಇಲ್ಲಿ. ಇಕಿ ಬೆನ್ನಿಗೆ ಆಸರಿ ಬೇಕು" ಎಂದು ಕರೆದೆ. ಅವಳು ಕಣ್ಣೊರೆಸಿಕೊಂಡು ಬಂದು ಹಿಂದೆ ಕೂತಳು, ಮಗಳು ಅವಳಿಗೆ ಒರಗಿದಳು.

ಕೂಸು ಎದ್ದು ಅತ್ತಿತು. ಈ ಸಲದ ಅಳು ಬೇರೆ ಇತ್ತು. ನಾನು ಕೂಸನ್ನು ಮಗಳ ಹೊಟ್ಟೆಗೆ ಹೊಂದಿಸಿ ಹಿಡಿದೆ. ಬಾಯಿ ಅಗಲವಾಗಿ ತೆರೆಯುವವರೆಗೆ ಕಾದೆ, ತೆರೆಯಿತು, ಹಾಕಿದೆ. ಕೆಳತುಟಿ ಹೊರಗೆ ಮಡಿಸಿತು, ಗದ್ದ ಎದೆಗೆ ಒತ್ತಿತು. ಎರಡು ಸಲ ಜೋರಾಗಿ ಎಳೆಯಿತು, ಆಮೇಲೆ ಗುಟುಕು ಗುಟುಕಾಗಿ ನುಂಗುವ ಸದ್ದು. ನಾವು ಮೂವರೂ ಆ ಸದ್ದನ್ನೇ ಕೇಳಿದೆವು. ಮಗಳ ಹಣೆಯ ಗಂಟು ಬಿಟ್ಟಿತು.

ಅವಳು ಕೂಸಿನ ಮುಖದಿಂದ ಕಣ್ಣು ತೆಗೆಯದೆ ಕೇಳಿದಳು, "ನಾನೂ ಹಿಂಗ ಕುಡೀತಿದ್ನೇನು?"

ಅದನ್ನು ನೋಡಿದವಳು ಈ ಮನೆಯಲ್ಲಿ ಅಕ್ಕ ಒಬ್ಬಳೇ. ಅವಳು ನನ್ನ ಮುಖ ನೋಡಿದಳು, ಹೇಳಲೇ ಬೇಡವೇ ಎಂಬಂತೆ.

"ಹೇಳಕ್ಕ" ಎಂದೆ.

"ಹಿಂಗ ಅಲ್ಲ, ಇದು ಪಾಪ ನಿಧಾನ ಕುಡೀತೈತಿ" ಎಂದಳು ಅಕ್ಕ. "ನೀ ಗಡಿಬಿಡಿ ಮಾಡ್ತಿದ್ದಿ. ಮುಷ್ಟಿ ಬಿಗಿ ಹಿಡಿದು, ಬೆವತು, ಮೂಗಿನಾಗ ಸುಂಯ್ ಸುಂಯ್ ಅಂತ ಉಸಿರು ಬಿಟ್ಟು. ಹೊಟ್ಟಿ ತುಂಬ್ತು ಅಂದ್ರ ಒಂದು ಕಾಲು ಎತ್ತಿ ಇಡ್ತಿದ್ದಿ ನನ್ನ ಕೈ ಮ್ಯಾಲ."

ನನ್ನ ಮಗಳು ಹಾಲು ಕುಡಿಯುತ್ತಿದ್ದ ಬಗೆ ನನಗೆ ತಿಳಿದಿದ್ದು ಅವತ್ತೇ. ಯಾವ ಕಾಲು ಎಂದು ಕೇಳಬೇಕೆನಿಸಿತು. ಬೆವತರೆ ಹಣೆ ಬೆವರುತ್ತಿತ್ತೇ, ಕತ್ತು ಬೆವರುತ್ತಿತ್ತೇ, ಕುಡಿಯುವಾಗ ಕಣ್ಣು ತೆರೆದಿರುತ್ತಿದ್ದಳೇ, ಎಲ್ಲವನ್ನೂ ಕೇಳಬೇಕೆನಿಸಿತು.

"ಇನ್ನ ಹೇಳಕ್ಕ" ಎಂದೆ. "ಬಿಡಬ್ಯಾಡ, ಎಲ್ಲಾ ಹೇಳು."